ಜೊಹೋರ್ ಜಲಸಂಧಿಯ ಮೇಲಣ ರೈಲುದಾರಿ

ಮಲೇಷ್ಯಾದ ದಕ್ಷಿಣದ ತುದಿಯಲ್ಲಿರುವ ಜೊಹೋರ್ ಬಾರು ಪಟ್ಟಣದಿಂದ ಬೆಳಗಿನ ಜಾವದಲ್ಲಿಯೇ ಹೊರಟು, ಸಿಂಗಪುರದ ಕಾರ್ಖಾನೆಗೋ ಆಸ್ಪತ್ರೆಗೋ ದುಡಿಯಲು ಹೋಗುವ ಹೆಣ್ಣುಮಗಳೊಬ್ಬಳ ಪಯಣವನ್ನು ಓದುಗರು ಒಮ್ಮೆ ಭಾವಿಸಿಕೊಳ್ಳಬೇಕು. ಬಸ್ಸೇರಿದಾಕೆ ಮಲೇಷ್ಯಾದ ತಪಾಸಣಾ ಭವನದಲ್ಲಿ ಕೈಚೀಲದೊಡನೆ ಇಳಿದು, ಮೆಟ್ಟಿಲು ಹತ್ತಿ, ಸಾಲಿನಲ್ಲಿ ನಿಂತು, ಪಾಸ್‌ಪೋರ್ಟು ತೋರಿಸಿ, ಕೆಳಗಿಳಿದು ಮತ್ತೆ ಬಸ್ಸಿಗೆ ಕಾದು, ಒಂದು ಕಿಲೋಮೀಟರಿಗಿಂತ ತುಸುವೇ ಉದ್ದವಾದ ಕಾಸ್‌ವೇ ಎಂಬ ಕಲ್ಲಿನ ಏರಿಯನ್ನು ದಾಟಿ, ಆಚೆ ವುಡ್‌ಲ್ಯಾಂಡ್ಸಿನಲ್ಲಿ ಪುನಃ ಇಳಿದು, ಅದೇ ವಿಧಿಗಳನ್ನೆಲ್ಲ ಮೊದಲಿನಿಂದ ನಡೆಸಿ, ಮೂರನೆಯ ಸಲ ಬಸ್ಸನ್ನೇರಬೇಕು. ದಿನವೊಂದಕ್ಕೆ 3 ಲಕ್ಷಕ್ಕೂ ಮಿಕ್ಕ ಜನ ಈ ಏರಿಯನ್ನು ದಾಟುತ್ತಾರೆ. ಅವರ ಆಯುಷ್ಯದ ಎಷ್ಟು ಭಾಗ ಸಾಲಿನಲ್ಲಿ ನಿಲ್ಲುವುದರಲ್ಲಿಯೇ ಸವೆದುಹೋಗುತ್ತಿದೆಯೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಕಾಸ್‌ವೇ ವಿಧ್ಯುಕ್ತವಾಗಿ ಉದ್ಘಾಟನೆಗೊಂಡದ್ದು 1924ರಲ್ಲಿ. ಮೈಸೂರು ಸಂಸ್ಥಾನದ ಹಳೆಯ ರೈಲುಗಳನ್ನು ಬಲ್ಲವರಿಗೆ ಪರಿಚಿತವಾದ ಮೀಟರ್‌ಗೇಜು ಹಳಿಯೇ ಅದರ ಮೇಲೆಯೂ ಹಾಸಿತ್ತು. ಉಭಯ ತೀರಗಳೂ ಆಗ ಬ್ರಿಟಿಷರ ಅಧೀನದಲ್ಲಿದ್ದವು. 1965ರಲ್ಲಿ ಸಿಂಗಪುರವು ಮಲೇಷ್ಯಾದಿಂದ ಬೇರ್ಪಟ್ಟಾಗ ನಡುವಣ ನೀರು ಅಂತರರಾಷ್ಟ್ರೀಯ ಗಡಿಯಾಯಿತು. ಆದರೂ ದ್ವೀಪದ ದಕ್ಷಿಣದಲ್ಲಿದ್ದ ತಂಜೋಂಗ್ ಪಗಾರ್ ರೈಲು ನಿಲ್ದಾಣವು ಮಲೇಷ್ಯಾ ರೈಲ್ವೆಯ ವಶದಲ್ಲಿಯೇ ಉಳಿಯಿತು. 1998ರಲ್ಲಿ ಸಿಂಗಪುರವು ತನ್ನ ರೈಲು ತಪಾಸಣೆಯನ್ನು ಉತ್ತರದ ವುಡ್‌ಲ್ಯಾಂಡ್ಸಿಗೆ ಸಾಗಿಸಿದರೂ ಮಲೇಷ್ಯಾದ ಅಧಿಕಾರಿಗಳು ಹಳೆಯ ನಿಲ್ದಾಣವನ್ನು ಬಿಟ್ಟು ಕದಲಲಿಲ್ಲವಾಗಿ, ಉತ್ತರಕ್ಕೆ ಹೊರಟ ಪ್ರಯಾಣಿಕನು ಸಿಂಗಪುರವನ್ನು ಬಿಡುವುದಕ್ಕೆ ಮೊದಲೇ ಮಲೇಷ್ಯಾದ ತಪಾಸಣೆಯನ್ನು ಮುಗಿಸಿಕೊಳ್ಳುವ ವಿಚಿತ್ರ ಸ್ಥಿತಿಯೊದಗಿತು. ಈ ತೊಡಕು ಬಿಡಿಸಿಕೊಂಡದ್ದು 2010ರಲ್ಲಿ, ಉಭಯ ಪ್ರಧಾನಮಂತ್ರಿಗಳು ಒಂದೆಡೆ ಕುಳಿತಾಗ. ಮರುವರ್ಷ ಜುಲೈ 1ರಿಂದ ಮಲೇಷ್ಯಾದ ರೈಲು ವುಡ್‌ಲ್ಯಾಂಡ್ಸಿನಲ್ಲಿಯೇ ನಿಲ್ಲತೊಡಗಿತು. ಹೊಸದೊಂದು ಕ್ಷಿಪ್ರ ರೈಲುಮಾರ್ಗದ ಸಂಕಲ್ಪಕ್ಕೂ ಅದೇ ಮಾತುಕತೆಯೇ ಬೀಜವಾಯಿತು.

ಬೀಜ ಮೊಳೆಯಲು ಬಹುಕಾಲ ಹಿಡಿಯಿತು. ಗಾಡಿ ಯಾವ ಬಗೆಯದಾಗಬೇಕು, ಅದು ರಾತ್ರಿ ತಂಗುವ ಡಿಪೋ ಯಾವ ದೇಶದ ನೆಲದಲ್ಲಿರಬೇಕು, ವೆಚ್ಚ ಯಾರದು ಎಂಬ ಪ್ರಶ್ನೆಗಳಿಗೆ 2018ರ ಜನವರಿಯ ಒಪ್ಪಂದವು ಕೊಟ್ಟ ಉತ್ತರವೆಂದರೆ, ಸಿಂಗಪುರದ ಥಾಮ್ಸನ್–ಈಸ್ಟ್ ಕೋಸ್ಟ್ ಮಾರ್ಗದ ಮಾದರಿಯ ಗಾಡಿಗಳನ್ನೇ ಓಡಿಸಿ, ಆ ಮಾರ್ಗದ ಡಿಪೋವನ್ನೇ ಹಂಚಿಕೊಳ್ಳುವುದು. ಆದರೆ ಆ ವರ್ಷವೇ ಮಲೇಷ್ಯಾದಲ್ಲಿ ಸರ್ಕಾರ ಬದಲಾಯಿತು. ವೆಚ್ಚ ದುಬಾರಿಯೆನಿಸಿ 2019ರಲ್ಲಿ ಯೋಜನೆ ನಿಂತಿತು. ಮರುಪರಿಶೀಲನೆಯ ಬಳಿಕ ಹಗುರ ರೈಲಿನ ವ್ಯವಸ್ಥೆಯನ್ನೂ ಜೊಹೋರಿನ ವಾಡಿ ಹಾನಾದಲ್ಲಿ ಪ್ರತ್ಯೇಕ ಡಿಪೋವನ್ನೂ ಆಯ್ದುಕೊಂಡುದರಿಂದ, ಮಲೇಷ್ಯಾದ ಪಾಲಿನ ವೆಚ್ಚ 493 ಕೋಟಿ ರಿಂಗಿಟ್‌ನಿಂದ 316 ಕೋಟಿಗೆ ಇಳಿಯಿತು. ಸಾಂಕ್ರಾಮಿಕ ರೋಗದ ದೆಸೆಯಿಂದ ಗಡಿ ಮುಚ್ಚಿ, ಕಾಸ್‌ವೇ ಬಹುಮಟ್ಟಿಗೆ ಬರಿದಾಗಿದ್ದ 2020ರ ಜುಲೈ 30ರಂದು, ಅದೇ ಏರಿಯ ನಡುಮಧ್ಯದಲ್ಲಿ ಪರಿಷ್ಕೃತ ಒಪ್ಪಂದಕ್ಕೆ ಸಮಾರಂಭಪೂರ್ವಕವಾಗಿ ಮುದ್ರೆ ಬಿದ್ದಿತು. ಇದಾದ ಐದೇ ತಿಂಗಳಿಗೆ ಕ್ವಾಲಾಲಂಪುರ–ಸಿಂಗಪುರ ಅತಿವೇಗದ ರೈಲಿನ ಭವ್ಯ ಯೋಜನೆ ಮುರಿದುಬಿದ್ದಿತು. ಮಲೇಷ್ಯಾವು ಅದಕ್ಕಾಗಿ 10 ಕೋಟಿ ಸಿಂಗಪುರ ಡಾಲರಿಗೂ ಹೆಚ್ಚಿನ ಪರಿಹಾರವನ್ನು ತೆರಬೇಕಾಯಿತು. ನಿತ್ಯದ ದುಡಿಮೆಗೆ ಹೋಗುವವರ ಅಗತ್ಯಕ್ಕಾಗಿ ಹುಟ್ಟಿದ ಪುಟ್ಟ ಯೋಜನೆಯೇ ಉಳಿದುಕೊಂಡಿತೆಂಬುದು ನನಗೆ ಸಮಾಧಾನ ತಂದ ಸಂಗತಿ.

ಮಾರ್ಗದ ಉದ್ದ ಸುಮಾರು 4 ಕಿಲೋಮೀಟರು; ನಿಲ್ದಾಣಗಳು ಎರಡೇ, ಜೊಹೋರಿನ ಬುಕಿತ್ ಚಾಗರ್ ಮತ್ತು ಸಿಂಗಪುರದ ವುಡ್‌ಲ್ಯಾಂಡ್ಸ್ ನಾರ್ತ್. ಜಲಸಂಧಿಯ ಮೇಲೆ 25 ಮೀಟರು ಎತ್ತರದ ಸೇತುವೆ. ನಾಲ್ಕು ಬೋಗಿಗಳ ರೈಲು. ಐದು ನಿಮಿಷದ ಪಯಣ. ಗಂಟೆಗೆ ಒಂದೊಂದು ದಿಕ್ಕಿನಲ್ಲಿಯೂ 10,000 ಜನರವರೆಗೆ ಸಾಗಿಸುವ ಸಾಮರ್ಥ್ಯ. ಆದರೆ ಯೋಜನೆಯ ಜೀವಾಳವಿರುವುದು ನಿಲ್ದಾಣದೊಳಗಣ ಮೇಜುಗಳ ಜೋಡಣೆಯಲ್ಲಿ. ಹೊರಡುವ ನಿಲ್ದಾಣದಲ್ಲಿಯೇ ಎರಡು ದೇಶಗಳ ಅಧಿಕಾರಿಗಳೂ ಒಂದೇ ಸೂರಿನಡಿ ಕೂರುತ್ತಾರೆ; ಒಂದೆಡೆ ನಿರ್ಗಮನವನ್ನೂ ಕೆಲವೇ ಹೆಜ್ಜೆಗಳ ಅಂತರದಲ್ಲಿ ಪ್ರವೇಶವನ್ನೂ ಮುಗಿಸಿದ ಪ್ರಯಾಣಿಕನು, ಆಚೆ ದಡದಲ್ಲಿ ಇಳಿದೊಡನೆ ಯಾರ ಮುಂದೆಯೂ ನಿಲ್ಲದೆ ಹೊರನಡೆಯಬಹುದು. ಇದಕ್ಕಾಗಿ ಸ್ವತಂತ್ರ ರಾಷ್ಟ್ರವೊಂದು ತನ್ನ ನೆಲದ ಮೇಲೆ ನೆರೆರಾಷ್ಟ್ರದ ಸಮವಸ್ತ್ರಕ್ಕೆ ಅಧಿಕಾರ ಕೊಡಬೇಕು. ಅದರ ಎಲ್ಲೆಯೆಷ್ಟೆಂದು ಶಾಸನದಿಂದಲೇ ಗೊತ್ತುಮಾಡಬೇಕು. ಸಮುದ್ರದಲ್ಲಿ ಕಂಬ ನೆಡುವುದಕ್ಕಿಂತ ಈ ನಂಬಿಕೆಯನ್ನು ನೆಲೆಗೊಳಿಸುವುದೇ ಕಠಿನತರವಾದ ಕಾರ್ಯವೆಂದು ನಾನು ಬಗೆಯುತ್ತೇನೆ.

ಬುಕಿತ್ ಚಾಗರ್‌ವರೆಗೆ ಜನ ಬಂದು ಮುಟ್ಟುವ ಬಗೆಯನ್ನು ಜೊಹೋರಿನ ಆಡಳಿತ ಇನ್ನೂ ಹಸನುಗೊಳಿಸಬೇಕಾಗಿದೆ. ಐದು ನಿಮಿಷದ ರೈಲಿಗಾಗಿ ಊರ ಬೀದಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುವುದಾದರೆ ಬಡವರ ಹೊತ್ತು ಉಳಿಯದು. 2026ರ ಕೊನೆಯೊಳಗೆ ಸಂಚಾರ ಆರಂಭಿಸಬೇಕೆಂಬುದು ಉಭಯ ಸರ್ಕಾರಗಳ ಗುರಿ. ಅದಾದ ಆರು ತಿಂಗಳೊಳಗೆ, ಈಗ ಏರಿಯ ಮೇಲೆ ಓಡಾಡುತ್ತಿರುವ ತೆಬ್ರಾವ್ ಎಂಬ ಮೀಟರ್‌ಗೇಜು ರೈಲು ನಿಲ್ಲತಕ್ಕದ್ದೆಂದು ನಿಶ್ಚಯವಾಗಿದೆ.