ವಾದ ಕಲಿಯಲು ಬಾಡಕ್ಕೆ ಬನ್ನಿ

ಪ್ರತಿಭಾ ಕಾರಂಜಿಯ ಚರ್ಚಾ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಕಾಣುವ ನೋಟವಿದು. ವಿಷಯದ ಪರವಾಗಿ ಮಾತಾಡುವ ಹುಡುಗಿ ಬಂದು ಬಾಯಿಪಾಠ ಒಪ್ಪಿಸುತ್ತಾಳೆ, ಗಂಟೆ ಬಾರಿಸುತ್ತದೆ. ವಿರೋಧಿಸುವ ಹುಡುಗ ಬಂದು ತನ್ನ ಬಾಯಿಪಾಠ ಒಪ್ಪಿಸುತ್ತಾನೆ. ಅವಳು ಹೇಳಿದ ಒಂದು ಮಾತಿಗೂ ಅವನು ಉತ್ತರಿಸುವುದಿಲ್ಲ. ಮಕ್ಕಳನ್ನು ದೂರಿ ಫಲವಿಲ್ಲ. ಎದುರಿನವರ ಮಾತು ಕೇಳಿಸಿಕೊಳ್ಳುವುದನ್ನು ನಾವು ಕಲಿಸಿಯೇ ಇಲ್ಲ.

ಕಲಿಸಲು ಬೇಕಾದ ಪಠ್ಯ ಹಾವೇರಿ ಜಿಲ್ಲೆಯಲ್ಲೇ ಇದೆ. ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ ಹುಟ್ಟೂರು. ಅವರ ‘ರಾಮಧಾನ್ಯ ಚರಿತೆ’ ಭಾಮಿನಿ ಷಟ್ಪದಿಯಲ್ಲಿರುವ ಒಂದು ವಾಗ್ವಾದ. ಲಂಕೆಯಿಂದ ಮರಳುವ ರಾಮ ಋಷಿಗಳ ಆತಿಥ್ಯ ಸ್ವೀಕರಿಸಿ, ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳುತ್ತಾನೆ. ಗೌತಮರು ನರೆದಲಗ, ಅಂದರೆ ರಾಗಿಯ ಹೆಸರು ಹೇಳಿದ್ದೇ ತಡ, ಭತ್ತ ಸಿಟ್ಟಿಗೆದ್ದು ರಾಗಿಯ ಕುಲವನ್ನು ಹೀಯಾಳಿಸುತ್ತದೆ. ರಾಗಿಯೂ ಬಿಸಿಯಾಗಿಯೇ ಉತ್ತರಿಸುತ್ತದೆ. ಆದರೆ ಅದರ ಮಾತಿನಲ್ಲಿ ಬೈಗುಳದ ಜೊತೆಗೆ ಆಧಾರವೂ ಇದೆ: ಬರಗಾಲದಲ್ಲಿ ಬಡವರನ್ನು ಕಾಯ್ದವರು ಯಾರು?

ರಾಮನ ನಡೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮಾತಿನ ಸೊಗಸಿಗೆ ಅವನು ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಆಮೇಲೆ ಸಭೆಗೆ ತರಿಸಿದರೆ ಭತ್ತ ಕಸುವು ಕಳೆದುಕೊಂಡಿದೆ, ರಾಗಿ ಗಟ್ಟಿಯಾಗಿದೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಕಥೆ ಹೇಳಿ, ಯಾವ ಮಾತು ನಿಂದೆ, ಯಾವುದು ವಾದ, ಯಾವುದು ಪುರಾವೆ ಎಂದು ಗುರುತು ಹಾಕಿಸಿದರೆ ಒಂದು ಪೀರಿಯಡ್ಡು ಸಾರ್ಥಕವಾಗುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿದೆ. ಶಿವಭಕ್ತ ಏಕಾಂತದ ರಾಮಯ್ಯ ತನ್ನ ತಲೆಯನ್ನೇ ಪಣಕ್ಕಿಟ್ಟು ಜೈನರೊಡನೆ ವಾದಕ್ಕಿಳಿದದ್ದು, ಜಿನಪ್ರತಿಮೆ ಭಗ್ನವಾದದ್ದು, ದೊರೆ ಬಿಜ್ಜಳ ಜಯಪತ್ರ ಕೊಟ್ಟದ್ದು ಸೋಮೇಶ್ವರ ದೇಗುಲದ ಶಾಸನದಲ್ಲಿದೆ. ಹಾನಗಲ್ಲಿನ ಕದಂಬ ದೊರೆ ಕಾಮದೇವನ ದತ್ತಿಯೂ ಅಲ್ಲೇ ದಾಖಲಾಗಿದೆ. ಇತಿಹಾಸವಾಗಿ ಅದನ್ನು ಓದಲೇಬೇಕು. ಆದರೆ ಸೋತವರಿಗೆ ನೆಲೆಯೇ ಉಳಿಯದಂಥ ವಾದ ಶಾಲೆಗೆ ಮಾದರಿಯಾಗಲಾರದು.

ಮಾದರಿ ಬೇಕಿದ್ದರೆ ಉತ್ತರ ಕರ್ನಾಟಕದ ಗೀಗೀ ಮೇಳದವರನ್ನು ಕೇಳಬೇಕು. ಹರದೇಶಿಯವರು ಶಿವ ಹೆಚ್ಚೆಂದು, ನಾಗೇಶಿಯವರು ಶಕ್ತಿ ಹೆಚ್ಚೆಂದು ಡಪ್ಪು, ತುಂತುಣಿ ಹಿಡಿದು ಇರುಳೆಲ್ಲ ಸವಾಲು-ಜವಾಬು ಹಾಡುತ್ತಾರೆ. ಎದುರು ಮೇಳದ ಪುರಾಣ ಗೊತ್ತಿಲ್ಲದವನಿಗೆ ಅಲ್ಲಿ ಜವಾಬು ಹುಟ್ಟುವುದಿಲ್ಲ. ನಮ್ಮ ಶಾಸ್ತ್ರಕಾರರೂ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು ಹೇಳಿ ಆಮೇಲೆ ಸಿದ್ಧಾಂತಕ್ಕೆ ಬರುತ್ತಿದ್ದರು. ಮಾಧ್ವ ಯತಿ ಸತ್ಯಬೋಧ ತೀರ್ಥರ ವೃಂದಾವನವಿರುವ ಸವಣೂರಿಗೆ ಆ ಪದ್ಧತಿ ಹೊಸದೇನಲ್ಲ.

ಶಾಲೆಯಲ್ಲಿ ಇದನ್ನೇ ಬರವಣಿಗೆಯಿಂದ ಆರಂಭಿಸಬಹುದು. ‘ಭತ್ತದ ಗದ್ದೆಯಲ್ಲಿ ಗೋವಿನಜೋಳ ಬೆಳೆಯಬೇಕೇ?’ ಎಂಬ ವಿಷಯ ಕೊಡಿ. ಬೇಕು ಎನ್ನುವ ಹುಡುಗ ಬೇಡ ಎನ್ನುವವರ ಕಾರಣಗಳನ್ನು ಮೊದಲು ಬರೆಯಲಿ; ಎದುರಿನವಳು ಓದಿ ‘ಹೌದು, ನನ್ನ ಮಾತು ಇದೇ’ ಎಂದ ಮೇಲಷ್ಟೇ ಅವನ ಉತ್ತರ. ಬೀಜದ ದರ, ನೀರು, ಮಾರುಕಟ್ಟೆಯ ಧಾರಣೆಯನ್ನು ಮನೆಯಲ್ಲಿ ಕೇಳಿಕೊಂಡು ಬರಲಿ. ತೀರ್ಪುಗಾರರು ಕಂಠಕ್ಕೆ ಕೊಡುವ ಅಂಕದಲ್ಲಿ ಅರ್ಧದಷ್ಟನ್ನಾದರೂ ಎದುರಾಳಿಗೆ ಕೊಟ್ಟ ಉತ್ತರಕ್ಕೆ ಮೀಸಲಿಡಲಿ.

ಕಲಿತದ್ದನ್ನು ಬಳಸಲು ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಇದೆ. ಪರೀಕ್ಷೆಗೆಂದು ಮನವಿ ಪತ್ರ ಬರೆಯುವ ಮಕ್ಕಳು ಅಲ್ಲಿ ನಿಜವಾದ ಮನವಿ ಓದಬಹುದು: ಶೌಚಾಲಯಕ್ಕೆ ನೀರು ಏಕೆ ಬೇಕು, ಬಸ್ಸು ಯಾವ ಹೊತ್ತಿಗೆ ಬರಬೇಕು. ಅಧ್ಯಕ್ಷರೇ, ಪಿಡಿಒ ಅವರೇ, ಆ ಸಭೆಯನ್ನು ಫೋಟೊ ತೆಗೆಸಿ ಮುಗಿಸಬೇಡಿ. ಮಕ್ಕಳು ಕಾರಣ ಕೊಟ್ಟು ಕೇಳಿದ್ದಕ್ಕೆ ನೀವೂ ಕಾರಣ ಕೊಟ್ಟು, ಬರಹದಲ್ಲೇ ಉತ್ತರಿಸಿ.