ನೆರಳಿನಲ್ಲಿ ಕೂತ ಗಿಟಾರ್ ವಾದಕ

ತೆರೆಯ ಮೇಲೆ ಮೊದಲು ಕಾಣುವುದು ಒಂದರೊಳಗೊಂದು ವೃತ್ತಗಳು. ಏನೆಂದು ತಿಳಿಯುವಷ್ಟರಲ್ಲಿ ವೃತ್ತ ಮೇಲೇಳುತ್ತದೆ, ಅದು ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ ಟೋಪಿ! 1944ರ ‘ಜ್ಯಾಮಿನ್ ದ ಬ್ಲೂಸ್’ ಶುರುವಾಗುವುದು ಹೀಗೆ. ಛಾಯಾಗ್ರಾಹಕ ಜಾನ್ ಮಿಲಿ ನಿರ್ದೇಶಿಸಿದ ಇದು ಬರೀ ಹತ್ತು ನಿಮಿಷದ ಚಿತ್ರ. ಆದರೆ ಜಾಝ್ ಚರಿತ್ರೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಲು ಇಷ್ಟೇ ಸಾಕು.

ವಾದ್ಯವೃಂದದಲ್ಲಿದ್ದ ಒಬ್ಬನೇ ಬಿಳಿಯ, ಗಿಟಾರ್ ವಾದಕ ಬಾರ್ನಿ ಕೆಸೆಲ್. ಕಪ್ಪು ಕಲಾವಿದರ ಜೊತೆ ಅವರು ಕಾಣಿಸಿಕೊಂಡರೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಚಿತ್ರ ಓಡಲಿಕ್ಕಿಲ್ಲವೆಂಬ ಭಯ ಸ್ಟುಡಿಯೊಗೆ. ಕೆಸೆಲ್‌ರನ್ನು ಕೈಬಿಡಲು ವಾದಕರನ್ನು ಕೂಡಿಸಿದ್ದ ನಾರ್ಮನ್ ಗ್ರಾಂಝ್ ಒಪ್ಪಲಿಲ್ಲ. ಕೊನೆಗೆ ಅವರನ್ನು ನೆರಳಿನಲ್ಲಿ ಕೂರಿಸಿದರು, ಕೈಗಳು ಹತ್ತಿರದಿಂದ ಕಾಣುವ ಕಡೆ ಬೆರ್ರಿ ಹಣ್ಣಿನ ರಸ ಬಳಿದರು. ರೆಕಾರ್ಡ್ ಕೇಳಿದರೆ ಇದು ತಿಳಿಯುವುದೇ ಇಲ್ಲ. ಒಬ್ಬರೇ ನೋಡಿದರೂ ಬಹುಶಃ ತಪ್ಪಿಹೋಗುತ್ತದೆ. ಹತ್ತು ಜನ ಕೂತು ನೋಡಿದರೆ ‘ಆ ಮೂಲೆಯಲ್ಲಿರೋದು ಯಾರು?’ ಎಂದು ಒಬ್ಬರಾದರೂ ಕೇಳುತ್ತಾರೆ.

ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ಒಟ್ಟಿಗೆ ಕೂತು ನೋಡುವ ಈ ಗುಟ್ಟನ್ನು ಬಲ್ಲವು. ಚಿತ್ರ ತೋರಿಸುವುದು, ಆಮೇಲೆ ಸಂಗೀತ ಬಲ್ಲ ಅಧ್ಯಾಪಕರೊಬ್ಬರು ಚರ್ಚೆ ನಡೆಸಿಕೊಡುವುದು ಅಲ್ಲಿ ರೂಢಿ. 2013ರ ಸುಮಾರಿಗೆ ‘ಅಮೆರಿಕಾಸ್ ಮ್ಯೂಸಿಕ್’ ಎಂಬ ಸರಣಿ ಹೀಗೆಯೇ ಊರೂರಿನಲ್ಲಿ ನಡೆಯಿತು.

ಚರ್ಚೆಗೆ ಕಾವು ಕೊಡುವ ಇನ್ನೊಂದು ಚಿತ್ರ 1929ರ ‘ಸೇಂಟ್ ಲೂಯಿಸ್ ಬ್ಲೂಸ್’. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಹಾಡುವುದನ್ನು ಕಣ್ಣಾರೆ ನೋಡಲು ನಮಗೆ ಉಳಿದಿರುವುದು ಇದೊಂದೇ. ಆದರೆ ಅದರಲ್ಲಿ ಕಪ್ಪು ಜನರೆಂದರೆ ಜೂಜುಕೋರರು ಎಂಬ ಹಾಲಿವುಡ್ ಕಣ್ಣೇ ಇದೆ. ಮೆಚ್ಚಬೇಕೋ ಸಿಟ್ಟಾಗಬೇಕೋ? ಎರಡೂ ಆಗಬಹುದು. ಮತ್ತೊಂದು ದೃಶ್ಯವೂ ಮಾತಿಗೆಳೆಯುತ್ತದೆ: 1957ರ ಟಿ.ವಿ. ಕಾರ್ಯಕ್ರಮ ‘ದ ಸೌಂಡ್ ಆಫ್ ಜಾಝ್’ನಲ್ಲಿ ಯಂಗ್ ನುಡಿಸುವಾಗ ಗಾಯಕಿ ಬಿಲಿ ಹಾಲಿಡೇ ಮುಗುಳ್ನಗುತ್ತ ತಲೆದೂಗುತ್ತಾರೆ, 1959ರಲ್ಲಿ ಇಬ್ಬರೂ ತೀರಿಕೊಂಡರು.

ಸಾಕ್ಷ್ಯಚಿತ್ರಕಾರ ಕೆನ್ ಬರ್ನ್ಸ್ ಅವರ ‘ಜಾಝ್’ ಹತ್ತು ಕಂತುಗಳ ದೊಡ್ಡ ಕೆಲಸ, ನಿಜ. ಆದರೆ 1960ರ ನಂತರದ್ದನ್ನೆಲ್ಲ ಕೊನೆಯ ಒಂದೇ ಕಂತಿನಲ್ಲಿ ಮುಗಿಸಿಬಿಡುವ ಅವಸರ ನನಗೆ ಹಿಡಿಸಲಿಲ್ಲ. ಇಂಥ ಚರ್ಚೆಯನ್ನು ಅದರಿಂದ ಶುರು ಮಾಡಿದರೆ ಜನ ಮೂರನೇ ವಾರಕ್ಕೆ ಚದುರುತ್ತಾರೆ.

ನಿಮ್ಮೂರಿನ ಚಿತ್ರಸಮಾಜದಲ್ಲಿ ಒಂದು ಸಂಜೆ ಆ ಹತ್ತು ನಿಮಿಷದ ಚಿತ್ರ ಹಾಕಿ ನೋಡಿ. ಕೆಸೆಲ್ ಸಂಗತಿಯನ್ನು ಮಾತ್ರ ಮೊದಲೇ ಹೇಳಬೇಡಿ. ಮುಗಿದ ಮೇಲೆ ಹೇಳಿ, ಇನ್ನೊಮ್ಮೆ ಹಾಕಿ.