ಸಮುದ್ರ ದೂರ, ಚಂಡಮಾರುತ ಹತ್ತಿರ!

ಮಕ್ಕಳೇ, ಸುಗ್ಗಿಯ ಒಂದು ದಿನವನ್ನು ನೆನಪಿಸಿಕೊಳ್ಳಿ. ಬ್ಯಾಡಗಿ ಸೀಮೆಯ ಒಂದು ಕಣ. ಕಣದ ತುಂಬ ಕೆಂಪು ಮೆಣಸಿನಕಾಯಿ ಹರಡಿದೆ. ಇನ್ನು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಮಾಲು ಮಾರುಕಟ್ಟೆಗೆ ಹೋಗುತ್ತದೆ. ಅಷ್ಟರಲ್ಲಿ ರೇಡಿಯೋ ಹೇಳುತ್ತದೆ: 'ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿದೆ. ಒಳನಾಡಿನಲ್ಲಿ ಮಳೆಯಾಗುವ ಸಂಭವವಿದೆ.' ಅಜ್ಜ ಎದ್ದು ಆಕಾಶ ನೋಡುತ್ತಾನೆ. "ತಮ್ಮಾ, ತಾಡಪತ್ರಿ ಎಲ್ಲೈತಿ? ಲಗೂನ ತಗೊಂಡು ಬಾ" ಎನ್ನುತ್ತಾನೆ.

ಹಾವೇರಿಯಿಂದ ಪಶ್ಚಿಮಕ್ಕೆ ಅರಬ್ಬೀ ಸಮುದ್ರ 100 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಪೂರ್ವಕ್ಕೆ ಬಂಗಾಳಕೊಲ್ಲಿ ಸುಮಾರು 500 ಕಿಲೋಮೀಟರ್ ದೂರ. ಅಷ್ಟು ದೂರದ ಸಮುದ್ರದಲ್ಲಿ ಎದ್ದ ಗಾಳಿಗೆ ನಮ್ಮ ಕಣದ ಮೆಣಸಿನಕಾಯಿ ಏಕೆ ಹೆದರಬೇಕು? ಬನ್ನಿ, ತಿಳಿಯೋಣ.

ಚಂಡಮಾರುತ ಹುಟ್ಟುವುದು ಹೇಗೆ?

ಸಮುದ್ರದ ಮೇಲ್ಭಾಗದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದಾಗ ಅದರ ಮೇಲಿನ ಗಾಳಿಯೂ ಬಿಸಿಯಾಗುತ್ತದೆ. ಬಿಸಿ ಗಾಳಿ ಹಗುರ. ಅದು ನೀರಾವಿಯನ್ನು ಹೊತ್ತು ಮೇಲೇರುತ್ತದೆ. ಆಗ ಕೆಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಇದೇ ವಾಯುಭಾರ ಕುಸಿತ. ಆ ಜಾಗವನ್ನು ತುಂಬಲು ಸುತ್ತಲಿನ ಗಾಳಿ ನುಗ್ಗಿ ಬರುತ್ತದೆ.

ಮೇಲೇರಿದ ನೀರಾವಿ ತಣಿದು ಮೋಡವಾಗುತ್ತದೆ. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆಯಲ್ಲವೇ? ಆವಿ ಮತ್ತೆ ನೀರಾಗುವಾಗ ಆ ಶಾಖ ಹೊರಬೀಳುತ್ತದೆ. ಈ ಶಾಖವೇ ಚಂಡಮಾರುತಕ್ಕೆ ಉರುವಲು. ಒಲೆಗೆ ಕಟ್ಟಿಗೆ ಒಟ್ಟಿದಷ್ಟೂ ಉರಿ ಏರುವಂತೆ, ಬಿಸಿ ಸಮುದ್ರದ ಮೇಲೆ ಇರುವಷ್ಟು ಕಾಲ ಅದು ಬಲಗೊಳ್ಳಬಲ್ಲದು.

ಭೂಮಿ ತಿರುಗುತ್ತಿರುವುದರಿಂದ ನುಗ್ಗಿ ಬರುವ ಗಾಳಿ ನೇರವಾಗಿ ಬರದೆ ಸುತ್ತುತ್ತ ಬರುತ್ತದೆ. ಭೂಮಿಯ ಉತ್ತರಾರ್ಧದಲ್ಲಿ ಈ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿರುತ್ತದೆ.

ಗಾಳಿಯ ವೇಗ ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ಭಾರತದ ಹವಾಮಾನ ಇಲಾಖೆ ಅದನ್ನು ವಾಯುಭಾರ ಕುಸಿತ ಎನ್ನುತ್ತದೆ. 62 ಕಿಲೋಮೀಟರ್ ಮುಟ್ಟಿದರೆ ಅದು ಚಂಡಮಾರುತ. ಆಗ ಅದಕ್ಕೊಂದು ಹೆಸರು ಇಡುತ್ತಾರೆ. ಅಮೆರಿಕದ ಕಡೆ ಇಂಥ ಪ್ರಬಲ ಬಿರುಗಾಳಿಗೆ ಹರಿಕೇನ್ ಎಂದೂ ಜಪಾನ್, ಚೀನಾ ಕಡೆ ಟೈಫೂನ್ ಎಂದೂ ಕರೆಯುತ್ತಾರೆ. ಹೆಸರು ಬೇರೆ, ವಿಜ್ಞಾನ ಒಂದೇ.

ನಮ್ಮ ದೇಶದಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮುಂಗಾರಿಗೆ ಮೊದಲು ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನಿಮ್ಮ ಮನೆಯ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಕೃತ್ತಿಕಾ, ರೋಹಿಣಿ ಮಳೆಯ ಕಾಲ. ಮತ್ತೆ ಚಿತ್ತಾ, ಸ್ವಾತಿ, ವಿಶಾಖ ಮಳೆಗಳ ಕಾಲ ಮತ್ತು ಅದರ ನಂತರದ ದಿನಗಳು. ಎರಡನೆಯ ಕಾಲದಲ್ಲಿ ಗೋವಿನಜೋಳ ಕೊಯ್ಲಿಗೆ ಬಂದಿರುತ್ತದೆ, ಮೆಣಸಿನ ಗಿಡ ಹೊಲದಲ್ಲಿರುತ್ತದೆ. ಅಜ್ಜನ ಆತಂಕಕ್ಕೆ ಕಾರಣ ಇದು.

ನಮ್ಮೂರಿಗೆ ಬರುವುದೇನು?

ಚಂಡಮಾರುತ ನೆಲಕ್ಕೆ ಬಂದ ಮೇಲೆ ಅದಕ್ಕೆ ಬಿಸಿ ನೀರಿನ ಉರುವಲು ಸಿಗುವುದಿಲ್ಲ. ಗುಡ್ಡ, ಗಿಡ, ಕಟ್ಟಡಗಳಿಗೆ ತಾಗಿ ಗಾಳಿಯ ವೇಗವೂ ಇಳಿಯುತ್ತದೆ. ಆದ್ದರಿಂದ ಕರಾವಳಿಯ ಮನೆಗಳನ್ನು ಕೆಡವುವಂಥ ಗಾಳಿ ಹಾವೇರಿಯವರೆಗೆ ಅದೇ ಬಲದಲ್ಲಿ ಬರುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರ್ನಾಟಕದ ಕರಾವಳಿಯ ಪಕ್ಕದಲ್ಲೇ ಸಾಗಿ ಗುಜರಾತಿನಲ್ಲಿ ನೆಲಕ್ಕೆ ಅಪ್ಪಳಿಸಿತು. ಕಡಲು ಉಕ್ಕಿ ಮನೆ, ರಸ್ತೆ, ದೋಣಿಗಳಿಗೆ ಹಾನಿಯಾದದ್ದು ಕರಾವಳಿಯ ಜಿಲ್ಲೆಗಳಲ್ಲಿ.

ಆದರೆ ಗಾಳಿ ಸತ್ತರೂ ಮೋಡ ಸಾಯುವುದಿಲ್ಲ. ಅದು ಹೊತ್ತು ತಂದ ನೀರು ಎಲ್ಲಾದರೂ ಸುರಿಯಲೇಬೇಕು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದಲ್ಲಿ ಆದದ್ದು ಇದೇ. ಬಂಗಾಳಕೊಲ್ಲಿಯ ಕಡಿಮೆ ಒತ್ತಡದಿಂದ ಒಳನಾಡಿನಲ್ಲಿ ಕೆಲವೇ ದಿನಗಳಲ್ಲಿ ವಿಪರೀತ ಮಳೆ ಸುರಿಯಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಲಕ್ಷಾಂತರ ಜನರ ಮನೆಗಳಿಗೆ ಹಾನಿಯಾಯಿತು. ಆ ಮಳೆಗೆ ಚಂಡಮಾರುತವೆಂಬ ಹೆಸರೇನೂ ಇರಲಿಲ್ಲ. ಹೆಸರಿಲ್ಲದ ಮಳೆಯೂ ಅಷ್ಟೇ ಅಪಾಯಕಾರಿ ಎಂಬುದನ್ನು ನೆನಪಿಡಿ.

ನಮ್ಮ ಕಡೆ ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಬಹಳ ಇವೆ. ಮಣ್ಣು ಒಣಗಿದಾಗ ಗಟ್ಟಿ. ಎರಡು ಮೂರು ದಿನ ಬಿಡದೆ ಮಳೆ ಹಿಡಿದರೆ ಅದು ನೀರು ಕುಡಿದು ಭಾರವಾಗುತ್ತದೆ, ಅಂಟಿನ ಬಲವೂ ಹೋಗುತ್ತದೆ. ಗೋಡೆ ಕೆಲವೊಮ್ಮೆ ಮಳೆ ನಿಂತ ಮೇಲೆ, ಬಿಸಿಲು ಬಿದ್ದಾಗ ಕುಸಿಯುವುದುಂಟು. 'ಮಳೆ ನಿಂತಿತಲ್ಲ' ಎಂದು ಹಸಿ ಗೋಡೆಯ ಪಕ್ಕದಲ್ಲಿ ಮಲಗಬಾರದು.

ಮಳೆ ಇಲ್ಲದೆಯೂ ಹೊಳೆ ಬರುತ್ತದೆ

ವರದಾ ನದಿ ಹುಟ್ಟುವುದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ. ಅದು ಹಾವೇರಿ ಜಿಲ್ಲೆಯಲ್ಲಿ ಹರಿದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ನೀರೂ ಮಲೆನಾಡಿನಿಂದಲೇ ಬರುವುದು. ಆದ್ದರಿಂದ ಇಲ್ಲಿ ಬಿಸಿಲಿದ್ದರೂ ಅಲ್ಲಿ ಸುರಿದ ಮಳೆ ತಡವಾಗಿ ಬಂದು ನಮ್ಮ ಹೊಲ ಮುಳುಗಿಸಬಲ್ಲದು. 2019ರ ಆಗಸ್ಟ್ ತಿಂಗಳ ನೆರೆಯನ್ನು ನಿಮ್ಮ ಮನೆಯವರು ನೋಡಿರುತ್ತಾರೆ. ಕೇಳಿ ತಿಳಿದುಕೊಳ್ಳಿ.

ಬ್ಯಾಡಗಿ ತಾಲ್ಲೂಕಿನ ಊರುಗಳಲ್ಲಿ ನೋಡಬೇಕಾದದ್ದು ಕೆರೆಗಳನ್ನು. ಕೆರೆ ತುಂಬಿದಾಗ ಹೆಚ್ಚಿನ ನೀರು ಕೋಡಿಯಿಂದ ಹೊರಹೋಗಬೇಕು. ಕೋಡಿಯಲ್ಲಿ ಹೂಳು, ಮುಳ್ಳುಕಂಟಿ ತುಂಬಿದ್ದರೆ ನೀರು ಏರಿಯ ಮೇಲೆ ಹತ್ತಿ ಅದನ್ನು ಕೊರೆಯುತ್ತದೆ. ಹೀಗಾಗಿ ಕೋಡಿಯನ್ನು ಬೇಸಿಗೆಯಲ್ಲೇ ಸ್ವಚ್ಛ ಮಾಡಬೇಕು.

ಎಚ್ಚರಿಕೆಯ ಬಣ್ಣಗಳು

ಹವಾಮಾನ ಇಲಾಖೆ ನಾಲ್ಕು ಬಣ್ಣಗಳಲ್ಲಿ ಮುನ್ಸೂಚನೆ ಕೊಡುತ್ತದೆ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನವಿರಲಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕೂಡಲೇ ಕಾರ್ಯಪ್ರವೃತ್ತರಾಗಿ.

ಚಂಡಮಾರುತ ಬರುವಾಗ ಸರ್ಕಾರಕ್ಕೆ ಸೂಚನೆಗಳು ಹಂತಹಂತವಾಗಿ ಹೋಗುತ್ತವೆ. 72 ಗಂಟೆ ಮೊದಲು ಒಂದು, 48 ಗಂಟೆ ಮೊದಲು ಇನ್ನೊಂದು, 24 ಗಂಟೆ ಮೊದಲು ಮತ್ತೊಂದು. ನಾಲ್ಕನೆಯದು ಅದು ನೆಲ ಮುಟ್ಟುವುದಕ್ಕೆ ಕನಿಷ್ಠ 12 ಗಂಟೆ ಮೊದಲು ಬರುತ್ತದೆ. ಆ ಸೂಚನೆ ಚಂಡಮಾರುತ ನೆಲಕ್ಕೆ ಬಂದ ಮೇಲೆ ಎತ್ತ ಸಾಗಬಹುದು, ಒಳನಾಡಿನಲ್ಲಿ ಏನಾಗಬಹುದು ಎಂದು ಹೇಳುತ್ತದೆ. ಅಂದರೆ ನಮ್ಮಂಥ ಜಿಲ್ಲೆಗಳಿಗೂ ಸಿದ್ಧರಾಗಲು ಸಮಯ ಸಿಗುತ್ತದೆ. ಆ ಸಮಯವನ್ನು ಬಳಸಿಕೊಳ್ಳುತ್ತೇವೆಯೇ ಎಂಬುದು ಪ್ರಶ್ನೆ.

ಮನೆಯಲ್ಲಿ ಮಾಡಬೇಕಾದದ್ದು

* ಟಾರ್ಚ್, ಬೆಂಕಿಪೊಟ್ಟಣ, ಔಷಧಿ, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ, ಆಧಾರ್ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದೇ ಕಡೆ ಇಡಿ. ನಿಮ್ಮ ಪುಸ್ತಕಗಳನ್ನೂ ಎತ್ತರದಲ್ಲಿಡಿ.
* ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ ಬಹಳ ದಿನ ಕೆಡುವುದಿಲ್ಲ. ಒಲೆ ಹಚ್ಚಲಾಗದ ದಿನ ಇವೇ ಆಧಾರ. ಕುಡಿಯುವ ನೀರನ್ನು ಮೊದಲೇ ತುಂಬಿಡಿ.
* ತಗಡಿನ ಮೇಲೆ ಇಟ್ಟ ಬಿಡಿ ಕಲ್ಲುಗಳನ್ನು ನಂಬಬೇಡಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ! ತಗಡನ್ನು ಬಿಗಿಯಾಗಿ ಕಟ್ಟಲು ದೊಡ್ಡವರಿಗೆ ಹೇಳಿ.
* ಮೆಣಸಿನಕಾಯಿ, ಗೋವಿನಜೋಳವನ್ನು ಎತ್ತರದ ಜಾಗದಲ್ಲಿ ರಾಶಿ ಮಾಡಿ ತಾಡಪತ್ರಿ ಹೊದಿಸಬೇಕು. ನೀರು ಹೋಗಲು ಸುತ್ತಲೂ ಕಾಲುವೆ ತೆಗೆಯಬೇಕು. ಮಳೆ ನಿಂತ ಕೂಡಲೇ ತೆರೆದು ಒಣಗಿಸಬೇಕು. ತೇವ ಉಳಿದರೆ ಬೂಷ್ಟು ಬೆಳೆಯುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ.
* ನೀರು ಏರುವಾಗ ದನಕರುಗಳನ್ನು ಕಟ್ಟಿಹಾಕಿ ಹೋಗಬಾರದು. ಕಣ್ಣಿ ಬಿಚ್ಚಿ ಎತ್ತರಕ್ಕೆ ಹೊಡೆಯಬೇಕು.
* ತುಂಬಿ ಹರಿಯುವ ಹಳ್ಳವನ್ನು ದಾಟಬೇಡಿ. ಮೊಣಕಾಲುದ್ದದ ಸೆಳವು ದೊಡ್ಡವರನ್ನೂ ಕೆಡವುತ್ತದೆ.
* ಸಿಡಿಲಿನ ಹೊತ್ತಿನಲ್ಲಿ ಗಿಡದ ಕೆಳಗೆ ನಿಲ್ಲಬೇಡಿ. ಹರಿದುಬಿದ್ದ ವಿದ್ಯುತ್ ತಂತಿಯ ಹತ್ತಿರ ಹೋಗಬೇಡಿ.
* ನೆರೆ ಇಳಿದ ಮೇಲೆ ನೀರನ್ನು ಕುದಿಸಿ ಆರಿಸಿ ಕುಡಿಯಿರಿ.

ಸರ್ಕಾರ ಸಿದ್ಧವಾಗಿದೆಯೇ?

ಪ್ರತಿ ಸಲ ಮಳೆ ಜೋರಾದಾಗ ದೊಡ್ಡವರು ಕಟ್ಟೆಯ ಮೇಲೆ ಕುಳಿತು ಕೇಳುವ ಪ್ರಶ್ನೆ ಇದು. ಈ ಪ್ರಶ್ನೆಯನ್ನು ನೀವೂ ಕೇಳಬಹುದು. ಆದರೆ ವಿಜ್ಞಾನದ ವಿದ್ಯಾರ್ಥಿ ಸುಮ್ಮನೆ ಗೊಣಗುವುದಿಲ್ಲ, ಪರೀಕ್ಷಿಸಿ ನೋಡುತ್ತಾನೆ.

ನಮ್ಮ ದೇಶದಲ್ಲಿ 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರಂತೆ ಪ್ರತಿ ಜಿಲ್ಲೆಯಲ್ಲಿ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರವಿದೆ. ಜಿಲ್ಲಾಧಿಕಾರಿಗಳೇ ಅದರ ಮುಖ್ಯಸ್ಥರು. ಜಿಲ್ಲೆಯ ತುರ್ತು ನಿಯಂತ್ರಣ ಕೊಠಡಿಯ ದೂರವಾಣಿ 1077. ಇನ್ನಾವುದೇ ತುರ್ತು ಸಹಾಯಕ್ಕೆ 112. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆ ಮಾಪಕಗಳನ್ನು ಸ್ಥಾಪಿಸಿದೆ. ಮಳೆಯ ಲೆಕ್ಕ ಅವುಗಳಿಂದ ತಾನಾಗಿಯೇ ಬೆಂಗಳೂರಿಗೆ ಹೋಗುತ್ತದೆ.

ಇದೆಲ್ಲ ಕಾಗದದ ಮೇಲೆ ಇದ್ದರೆ ಸಾಲದು. ನೆರೆ ಬಂದಾಗ ಜನರನ್ನು ಕರೆತರುವ ಕಾಳಜಿ ಕೇಂದ್ರ ಎಲ್ಲಿರುತ್ತದೆ ಗೊತ್ತೇ? ಎಷ್ಟೋ ಸಲ ಅದು ನಿಮ್ಮಂಥ ಸರ್ಕಾರಿ ಶಾಲೆಯೇ! ನೀವು ಮಗ್ಗಿ ಹೇಳುವ ಕೋಣೆಯಲ್ಲೇ ಒಂದು ಊರಿನ ಜನ ರಾತ್ರಿ ಕಳೆಯಬೇಕಾಗುತ್ತದೆ. ಹಾಗಾದರೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ:

1. ನಮ್ಮ ಶಾಲೆ ನೀರು ನಿಲ್ಲದ ಎತ್ತರದಲ್ಲಿದೆಯೇ? ಮಾಳಿಗೆ ಸೋರುತ್ತದೆಯೇ?
2. ರಾತ್ರಿ ಬೀಗದ ಕೈ ಯಾರ ಬಳಿ ಇರುತ್ತದೆ?
3. ಕುಡಿಯುವ ನೀರು, ಶೌಚಾಲಯ, ದೀಪ ಇವೆಯೇ?
4. ವಯಸ್ಸಾದವರು, ನಡೆಯಲಾಗದವರು, ಪುಟ್ಟ ಮಕ್ಕಳಿರುವ ಮನೆಗಳು ಯಾವುವು? ಅವರನ್ನು ಕರೆತರುವವರು ಯಾರು?
5. ನಮ್ಮ ಪಂಚಾಯಿತಿಯ ಮಳೆ ಮಾಪಕ ಎಲ್ಲಿದೆ? ಕೆಲಸ ಮಾಡುತ್ತಿದೆಯೇ?
6. ಎಚ್ಚರಿಕೆ ಬಂದಾಗ ಊರಿಗೆ ಸಾರುವವರು ಯಾರು?

ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಈ ಉತ್ತರಗಳನ್ನು ಬರೆದುಕೊಂಡು ಅಲ್ಲಿ ಓದಿ. ಇಲ್ಲದ್ದನ್ನು ಇಲ್ಲ ಎಂದು ಹೇಳಿ. ಎಂದಿಗೆ ಆಗುತ್ತದೆ ಎಂದು ಕೇಳಿ.

ಕೇಳಿದರೆ ಏನಾದರೂ ಬದಲಾಗುತ್ತದೆಯೇ? ಒಡಿಶಾವನ್ನು ನೋಡಿ. 1999ರ ಅಕ್ಟೋಬರ್ 29ರಂದು ಅಲ್ಲಿ ಮಹಾ ಚಂಡಮಾರುತ ಅಪ್ಪಳಿಸಿತು. ಸುಮಾರು 10,000 ಜನ ಸತ್ತರು. ಆ ಮೇಲೆ ಅಲ್ಲಿನ ಸರ್ಕಾರ ಮತ್ತು ಜನ ಸೇರಿ ಆಶ್ರಯ ಕಟ್ಟಡಗಳನ್ನು ಕಟ್ಟಿದರು. ಅವುಗಳಲ್ಲಿ ಹಲವು ಉಳಿದ ದಿನಗಳಲ್ಲಿ ಶಾಲೆಗಳಾಗಿವೆ. ಎಚ್ಚರಿಕೆ ಮುಟ್ಟಿಸುವ ಅಭ್ಯಾಸವನ್ನು ಊರೂರಲ್ಲಿ ಮಾಡಿಸಿದರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಪ್ರಬಲ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಸಾಗಿಸಲಾಯಿತು. ಸತ್ತವರ ಸಂಖ್ಯೆ 50ನ್ನು ಮೀರಲಿಲ್ಲ. ಗಾಳಿಯನ್ನು ಯಾರೂ ತಡೆಯಲಿಲ್ಲ. ಬದಲಾದದ್ದು ಸಿದ್ಧತೆ.

ಮಾಡಿ ನೋಡಿ

ಬದಿ ನೇರವಾಗಿರುವ ಒಂದು ಖಾಲಿ ಡಬ್ಬಿಯನ್ನು ಶಾಲೆಯ ಬಯಲಿನಲ್ಲಿ, ಗಿಡ ಗೋಡೆಗಳಿಂದ ದೂರ ಇಡಿ. ಬೀಳದಂತೆ ಸುತ್ತಲೂ ಇಟ್ಟಿಗೆ ಕೊಡಿ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಒಳಗಿನ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆದು ಬರೆಯಿರಿ. ನಂತರ ನೀರನ್ನು ಚೆಲ್ಲಿ ಡಬ್ಬಿಯನ್ನು ಮತ್ತೆ ಅಲ್ಲೇ ಇಡಿ. ಇದೇ ನಿಮ್ಮ ಮಳೆ ಮಾಪಕ.

1 ಮಿಲಿಮೀಟರ್ ಮಳೆ ಎಂದರೆ 1 ಚದರ ಮೀಟರ್ ಜಾಗದಲ್ಲಿ 1 ಲೀಟರ್ ನೀರು. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಅದು 'ಭಾರಿ ಮಳೆ'. ಹಾಗಾದರೆ ನಿಮ್ಮ ಶಾಲೆಯ ಮಾಳಿಗೆ 100 ಚದರ ಮೀಟರ್ ಇದ್ದರೆ ಅದರ ಮೇಲೆ ಬೀಳುವ ನೀರು ಎಷ್ಟು? 6,450 ಲೀಟರ್! ಅದು ಹರಿದು ಎಲ್ಲಿಗೆ ಹೋಗುತ್ತದೆ? ಮಳೆ ಬಂದ ದಿನ ಮಾಳಿಗೆಯಿಂದ ಚರಂಡಿಯವರೆಗೆ, ಚರಂಡಿಯಿಂದ ಹಳ್ಳದವರೆಗೆ ಅದರ ದಾರಿಯನ್ನು ಚಿತ್ರ ಬರೆಯಿರಿ. ದಾರಿ ಎಲ್ಲಿ ಕಟ್ಟಿಕೊಂಡಿದೆಯೋ ಅಲ್ಲಿ ಒಂದು ಕೆಂಪು ಗುರುತು ಹಾಕಿ.

ಆ ಚಿತ್ರವನ್ನು ನಿಮ್ಮ ಗುರುಗಳಿಗೂ ಪಂಚಾಯಿತಿಯವರಿಗೂ ತೋರಿಸಿ. ಮುಂದಿನ ಮಳೆಗೆ ಮೊದಲು ಎಷ್ಟು ಕೆಂಪು ಗುರುತುಗಳನ್ನು ಅಳಿಸಬಹುದು, ನೋಡೋಣ.